ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದ ಮೇಲೆ ಕಾರಿನ ಕಂತು ಕಟ್ಟೋದು ಹೇಗೆ?

ಮೋಸ ಹೋದವರ ತಲೆಯಲ್ಲಿ ಮೊದಲ ವಾರ ಇರೋದು ಒಂದೇ ಪ್ರಶ್ನೆ, ಹೋದ ದುಡ್ಡು ವಾಪಸ್ ಬರುತ್ತಾ ಅಂತ. ಸಹಜ. ಆದರೆ ಅಷ್ಟರಲ್ಲಿ ಐದನೇ ತಾರೀಖು ಬಂದುಬಿಡುತ್ತದೆ, ಕಾರಿನ ಕಂತು ಕಟ್ ಆಗಬೇಕು, ಖಾತೆ ಖಾಲಿ. ಬೆಂಗಳೂರಿನಲ್ಲಿ ವಾಹನ ಸಾಲದ ಕೆಲಸವನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದೇನೆ. ಮೋಸದಿಂದ ಆದ ನಷ್ಟಕ್ಕಿಂತ, ಆಮೇಲೆ ಸಾಲ ಕೊಟ್ಟವರ ಫೋನ್ ಎತ್ತದೆ ಕೂತಿದ್ದರಿಂದ ಆದ ನಷ್ಟ ಕೆಲವರಿಗೆ ದೊಡ್ಡದಾಗಿದೆ. ಅದಕ್ಕೇ ಹೇಳೋದು, ಪೊಲೀಸ್ ದೂರು ಬೇರೆ, ಕಾರಿನ ಸಾಲ ಬೇರೆ. ದೂರು ಮುಗಿಯಲು ತಿಂಗಳುಗಳು ಬೇಕು. ಸಾಲ ಕೊಟ್ಟವರು ಅಲ್ಲಿಯವರೆಗೆ ಕಾಯುವುದಿಲ್ಲ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇನ್ನೂ ಫೋನ್ ಮಾಡಿಲ್ಲವೇ? ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಆ ಕೆಲಸ ಮಾಡಿ. ಮೋಸಗಾರರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟಿಸುತ್ತಾರೆ, ದಾರಿಯಲ್ಲಿ ಎಲ್ಲಾದರೂ ಸಿಕ್ಕರೆ ಮಾತ್ರ ತಡೆಹಿಡಿಯಲು ಆಗುತ್ತದೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಿ. ಆಮೇಲೆ ನಿಮ್ಮ ವಿಭಾಗದ ಸೆನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ) ಹೋಗಿ ಎಫ್‌ಐಆರ್ ಮಾಡಿಸಿ, ಅದರ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ನಿಮ್ಮ ಬ್ಯಾಂಕಿಗೂ ಲಿಖಿತ ದೂರು ಕೊಡಿ. ಆರ್‌ಬಿಐ 2017ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರು ಖಾತೆಗೆ ಕೈಹಾಕಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಒಟಿಪಿ ನೀವೇ ಹೇಳಿದ್ದರೆ ಈ ರಕ್ಷಣೆ ಸಿಗುವುದಿಲ್ಲ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಮಾತ್ರ ಅವರದು. ಹಾಗಿದ್ದರೂ ದೂರು ಕೊಡಿ. ಆ ಕಾಗದ ಮುಂದೆ ಬೇಕಾಗುತ್ತದೆ.

ಈಗ ಸಾಲದ ವಿಷಯ. ಕಂತಿನ ದಿನಕ್ಕಿಂತ ಮುಂಚೆ ಸಾಲ ಕೊಟ್ಟ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಗೆ ಹೋಗಿ ಮಾತಾಡಿ. ಬೌನ್ಸ್ ಆದ ಮೇಲೆ ಹೋಗೋದಕ್ಕೂ ಮುಂಚೆ ಹೋಗೋದಕ್ಕೂ ಬಹಳ ವ್ಯತ್ಯಾಸ ಇದೆ. ಒಂದು ಕಂತು ಬೌನ್ಸ್ ಆದರೆ ನಿಮ್ಮ ಖಾತೆ ಇರುವ ಬ್ಯಾಂಕೂ ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ಕೆಲವರು ಅದೇ ತಿಂಗಳಲ್ಲಿ ಮತ್ತೆ ಮತ್ತೆ ಕಟ್ ಮಾಡಲು ನೋಡುತ್ತಾರೆ, ಪ್ರತಿ ಸಲವೂ ಶುಲ್ಕ ಬೀಳಬಹುದು. ಖಾತೆಯಲ್ಲಿ ದುಡ್ಡಿಲ್ಲ, ಮತ್ತೆ ಹಾಕಬೇಡಿ, ಇಂಥ ದಿನ ನಾನೇ ಕಟ್ಟುತ್ತೇನೆ ಅಂತ ಇಮೇಲ್‌ನಲ್ಲಿ ಬರೆದು ಕೇಳಿ. ಒಪ್ಪಲೇಬೇಕು ಅಂತಿಲ್ಲ, ಆದರೆ ಕೇಳಿದವರಿಗೆ ಮಾಡಿಕೊಟ್ಟಿದ್ದನ್ನು ನೋಡಿದ್ದೇನೆ.

ತಡವಾದರೆ ಏನಾಗುತ್ತದೆ ಅನ್ನೋದು ತಿಳಿದಿರಲಿ. 30 ದಿನ, 60 ದಿನ, 90 ದಿನ, ಹೀಗೆ ಬ್ಯಾಂಕಿನ ಲೆಕ್ಕದಲ್ಲಿ ಮೂರು ಮೆಟ್ಟಿಲು. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆದ್ದರಿಂದ ಒಂದು ಕಂತು ತಪ್ಪಿತು ಅಂತ ಕೈಚೆಲ್ಲಿ ಕೂರಬೇಡಿ. ಎರಡನೇ ತಿಂಗಳು ಒಂದು ಕಂತು ಕಟ್ಟಿದರೂ ನೀವು ಕೆಳಗಿನ ಮೆಟ್ಟಿಲಲ್ಲೇ ನಿಲ್ಲುತ್ತೀರಿ. ಮೂರೂ ಬಿಟ್ಟವರ ಮನೆ ಮುಂದೆಯೇ ಗಾಡಿ ಸೀಜ್ ಮಾಡುವವರು ಬಂದು ನಿಲ್ಲೋದು.

ಗಾಬರಿಯಲ್ಲಿ ಜನ ಮಾಡುವ ಇನ್ನೊಂದು ಕೆಲಸ, ಆಟೋ ಡೆಬಿಟ್ ಮ್ಯಾಂಡೇಟನ್ನು, ಅಂದರೆ ಖಾತೆಯಿಂದ ಕಂತು ತಾನಾಗಿ ಕಟ್ ಆಗಲಿ ಅಂತ ಕೊಟ್ಟ ಒಪ್ಪಿಗೆಯನ್ನು, ಸುಮ್ನೆ ರದ್ದು ಮಾಡಿಬಿಡೋದು. ಬೇಡ. ರದ್ದು ಮಾಡಿದರೂ ಬಾಕಿ ಹಾಗೇ ಇರುತ್ತದೆ. ಬೌನ್ಸ್ ಆಗಲಿ ಅಂತ ಸುಮ್ಮನೆ ಬಿಡೋದೂ ಬೇಡ. ಚೆಕ್ ಬೌನ್ಸ್‌ಗೆ ಇರುವ ಹಾಗೆಯೇ, ಖಾತೆಯಲ್ಲಿ ಹಣವಿಲ್ಲದೆ ಇಂಥ ಪಾವತಿ ಬೌನ್ಸ್ ಆದರೂ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಅಡಿ ಕೇಸ್ ಹಾಕಲು ಅವಕಾಶ ಇದೆ. ಮೊದಲು ಮಾತಾಡಿ, ಆಮೇಲೆ ಬದಲಾಯಿಸಿ.

ಬ್ಯಾಂಕಿನಲ್ಲಿ ಏನು ಕೇಳಬೇಕು? ಕರುಣೆ ತೋರಿಸಿ ಅಂದರೆ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಲೆಕ್ಕ ಹಿಡಿದುಕೊಂಡು ಹೋಗಿ. ಒಂದು ಉದಾಹರಣೆ ನೋಡೋಣ. 8 ಲಕ್ಷ ಸಾಲ, 9.5% ಬಡ್ಡಿ, 5 ವರ್ಷದ ಅವಧಿ ಅಂದರೆ ಕಂತು ಸುಮಾರು 16,800 ರೂಪಾಯಿ. ಎರಡು ವರ್ಷ ಕಟ್ಟಿದ ಮೇಲೆ ಅಸಲು ಸುಮಾರು 5.24 ಲಕ್ಷ ಉಳಿದಿರುತ್ತದೆ. ಉಳಿದ ಮೂರು ವರ್ಷವನ್ನು ಐದು ವರ್ಷ ಮಾಡಿಕೊಟ್ಟರೆ ಕಂತು 11,000ದ ಹತ್ತಿರಕ್ಕೆ ಇಳಿಯುತ್ತದೆ. ತಿಂಗಳಿಗೆ 5,800 ಕಡಿಮೆ. ಆದರೆ ಒಟ್ಟು ಬಡ್ಡಿ ಸುಮಾರು 56,000 ಜಾಸ್ತಿ ಆಗುತ್ತದೆ. ಇದು ಸಣ್ಣ ಮೊತ್ತವಲ್ಲ. ಆದರೂ ಮನೆ ಬಾಡಿಗೆ, ಮಕ್ಕಳ ಸ್ಕೂಲ್ ಫೀಸ್ ಎರಡೂ ತಲೆ ಮೇಲಿದ್ದಾಗ ನನ್ನ ಪ್ರಕಾರ ಇದು ಒಪ್ಪಬಹುದಾದ ಬೆಲೆ. ಮುಂದೆ ದುಡ್ಡು ಬಂದಾಗ ಅಸಲಿಗೆ ಕಟ್ಟಿ ಅವಧಿ ಇಳಿಸಬಹುದು, ಅದಕ್ಕೆ ಶುಲ್ಕ ಇದೆಯಾ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಹೀಗೆ ಅವಧಿ ಬದಲಾಯಿಸಿದರೆ ಸಿಬಿಲ್‌ನಲ್ಲಿ (ನಿಮ್ಮ ಸಾಲಗಳ ಇತಿಹಾಸ ಇಡುವ ಸಂಸ್ಥೆಯ ವರದಿಯಲ್ಲಿ) ರೀಸ್ಟ್ರಕ್ಚರ್ಡ್, ಅಂದರೆ ಸಾಲದ ಷರತ್ತು ಬದಲಾಗಿದೆ ಅಂತ ಬರುತ್ತದೆಯೇ ಅನ್ನೋದನ್ನೂ ಕೇಳಿ, ಉತ್ತರ ಬರಹದಲ್ಲೇ ಬೇಕು. ಅವಧಿ ಬೇಡ ಅಂದರೆ ಕಂತಿನ ದಿನವನ್ನು ಸಂಬಳದ ಮರುದಿನಕ್ಕೆ ಹಾಕಿಸಿಕೊಳ್ಳಿ, ಇಷ್ಟರಿಂದಲೇ ಎಷ್ಟೋ ಬೌನ್ಸ್ ತಪ್ಪುತ್ತದೆ.

ಪತ್ರ ಹೀಗೆ ಬರೆದರೆ ಸಾಕು: "ನನ್ನ ವಾಹನ ಸಾಲದ ಸಂಖ್ಯೆ ಇದು. ಇಂಥ ದಿನ ಸೈಬರ್ ವಂಚನೆಯಲ್ಲಿ ಇಷ್ಟು ಹಣ ಕಳೆದುಕೊಂಡಿದ್ದೇನೆ, 1930ರ ದೂರಿನ ಸಂಖ್ಯೆ ಮತ್ತು ಎಫ್‌ಐಆರ್ ಪ್ರತಿ ಲಗತ್ತಿಸಿದ್ದೇನೆ. ನನ್ನ ಸಂಬಳ ನಿಂತಿಲ್ಲ. ಈಗಿನ ಕಂತು ಕಟ್ಟಲು ಆಗುತ್ತಿಲ್ಲ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ. ಸಾಲದ ಅವಧಿಯನ್ನು ಹೆಚ್ಚಿಸಿಕೊಡಬೇಕೆಂದು ಕೋರುತ್ತೇನೆ. ದಯವಿಟ್ಟು ಲಿಖಿತ ಉತ್ತರ ಕೊಡಿ." ಮೂರು ತಿಂಗಳ ಸಂಬಳದ ಚೀಟಿ, ಖಾತೆಯ ಸ್ಟೇಟ್‌ಮೆಂಟ್ ಜೊತೆಗಿಡಿ. ಶಾಖೆಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಖಾತೆ ಫ್ರೀಜ್ ಆಗೋದು ಇನ್ನೊಂದು ತಲೆನೋವು. ಮನೆಯಲ್ಲೇ ಕೂತು ರೇಟಿಂಗ್ ಕೊಡಿ, ದುಡ್ಡು ಮಾಡಿ ಅನ್ನುವ ಮೋಸದಲ್ಲಿ ಮೊದಲು ನಿಮಗೇ ಸ್ವಲ್ಪ ದುಡ್ಡು ಹಾಕುತ್ತಾರಲ್ವಾ, ಅದು ಬಹಳ ಸಲ ಇನ್ನೊಬ್ಬ ಮೋಸಹೋದವರ ಹಣ. ಅವರು ದೂರು ಕೊಟ್ಟಾಗ ಯಾವುದೋ ರಾಜ್ಯದ ಪೊಲೀಸರು ನಿಮ್ಮ ಖಾತೆಯನ್ನೂ ತಡೆಹಿಡಿಯಬಹುದು. ಆಗ ಖಾತೆಯಲ್ಲಿ ಸಂಬಳ ಇದ್ದರೂ ಕಂತು ಬೌನ್ಸ್. ಯಾವ ಠಾಣೆ, ಯಾವ ದೂರಿನ ಸಂಖ್ಯೆ, ಎಷ್ಟು ಮೊತ್ತ ಅಂತ ಬ್ಯಾಂಕಿನಿಂದ ಬರೆಸಿಕೊಳ್ಳಿ. ಪೂರ್ತಿ ಖಾತೆ ಬದಲು ಆ ಮೊತ್ತವನ್ನಷ್ಟೇ ತಡೆಹಿಡಿಯಿರಿ ಅಂತ ಬ್ಯಾಂಕಿಗೂ ಆ ಠಾಣೆಗೂ ಮನವಿ ಕೊಡಿ. ಅಷ್ಟರಲ್ಲಿ ಬೇರೆ ಖಾತೆಯಿಂದ, ಸಾಲ ಕೊಟ್ಟವರ ಅಧಿಕೃತ ಆ್ಯಪ್ ಅಥವಾ ಶಾಖೆಯಲ್ಲೇ ಕಂತು ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹೊಸ ಖಾತೆಗೆ ಮ್ಯಾಂಡೇಟ್ ಬದಲಾಗಲು ಸಮಯ ಹಿಡಿಯುತ್ತದೆ. ಆ ನಡುವಿನ ತಿಂಗಳೇ ಅಪಾಯ.

ಸಿಬಿಲ್ ವರದಿಯನ್ನೂ ಈ ವಾರವೇ ತೆಗೆಸಿ ನೋಡಿ, ವರ್ಷಕ್ಕೊಂದು ಉಚಿತ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸುವವರು, ಫೋನಿಗೆ ಕದ್ದು ಆ್ಯಪ್ ಹಾಕಿಸುವವರು ಎಷ್ಟೋ ಸಲ ನಿಮ್ಮ ಹೆಸರಲ್ಲೇ ಪ್ರೀ ಅಪ್ರೂವ್ಡ್ ಸಾಲ ತೆಗೆಸಿ ಅದನ್ನೂ ಹೊಡೆದಿರುತ್ತಾರೆ. ಮುಂದಿನ ತಿಂಗಳು ಕಾರಿನ ಕಂತಿನ ಜೊತೆ ಇನ್ನೊಂದು ಕಂತು ಬಂದಾಗಲೇ ಅದು ಗೊತ್ತಾಗೋದು. ಅಂಥ ಸಾಲ ಕಂಡರೆ ಅದೇ ದಿನ ಬ್ಯಾಂಕಿಗೆ ಬರೆದು ಕೊಡಿ, ಪೊಲೀಸ್ ದೂರಿಗೂ ಸೇರಿಸಿ.

ಒಂದೆರಡು ಕಂತಿಗೆ ದುಡ್ಡು ಹೊಂದಿಸಬೇಕಾದರೆ ನಾನು ಹೇಳೋ ಕ್ರಮ ಇದು. ಎಫ್‌ಡಿ ಇದ್ದರೆ ಅದರ ಮೇಲೆ ಸಾಲ. ಹಳೇ ಎಲ್‌ಐಸಿ ಪಾಲಿಸಿ ಇದ್ದರೆ ಅದರ ಮೇಲೆ. ನೋಂದಾಯಿತ ಚೀಟಿ ಇದ್ದರೆ ಕಸರು ಹೋದರೂ ಪರವಾಗಿಲ್ಲ, ಎತ್ತಿಬಿಡಿ. ಆಮೇಲೆ ಬ್ಯಾಂಕಿನಲ್ಲಿ ಚಿನ್ನ ಅಡ ಇಡೋದು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯೋದು ಬೇಡ. ಐದು ನಿಮಿಷದಲ್ಲಿ ಸಾಲ ಅನ್ನುವ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ, ಮೀಟರ್ ಬಡ್ಡಿಯವರ ಹತ್ತಿರವಂತೂ ಬೇಡವೇ ಬೇಡ. ಕಾರು ಹೋದರೆ ಕಾರು ಮಾತ್ರ ಹೋಗುತ್ತದೆ, ಮೀಟರ್ ಬಡ್ಡಿ ಮನೆಯ ನೆಮ್ಮದಿಯನ್ನೇ ಕಿತ್ತುಕೊಳ್ಳುತ್ತದೆ.

ಈಗ ಕಷ್ಟದ ಪ್ರಶ್ನೆ. ಕಾರು ಇಟ್ಟುಕೊಳ್ಳಬೇಕಾ? ಹಳದಿ ಬೋರ್ಡ್ ಗಾಡಿ ಆಗಿದ್ದು ಅದೇ ನಿಮ್ಮ ಅನ್ನ ಅಂದರೆ, ಬೇರೆ ಏನು ಬಿಟ್ಟರೂ ಗಾಡಿ ಬಿಡಬೇಡಿ. ಆಫೀಸಿಗೆ ಹೋಗಿ ಬರೋದಕ್ಕಷ್ಟೇ ಇರುವ ಕಾರಾದರೆ ಕಂತು, ಪೆಟ್ರೋಲ್, ಇನ್ಶೂರೆನ್ಸ್, ಸರ್ವಿಸ್, ಪಾರ್ಕಿಂಗ್ ಎಲ್ಲ ಕೂಡಿ ಒಂದು ತಿಂಗಳ ಲೆಕ್ಕ ಹಾಕಿ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಇರುವವರಿಗೆ 2025ರ ಆಗಸ್ಟ್‌ನಿಂದ ಮೆಟ್ರೊ ಹಳದಿ ಮಾರ್ಗ ಇದೆ, ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ ಇದೆ. ಆರು ತಿಂಗಳ ಮುಂದೆ ನೋಡಿದರೂ ಕಂತಿಗೆ ದುಡ್ಡು ಕಾಣಿಸದಿದ್ದರೆ ಈಗಲೇ ಮಾರಿ. ನೀವೇ ಮಾರಿದರೆ ಸಿಗುವ ಬೆಲೆ, ಸೀಜ್ ಆಗಿ ಹರಾಜಾದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಹರಾಜಿನಲ್ಲಿ ಸಾಲ ಪೂರ್ತಿ ತೀರದಿದ್ದರೆ ಉಳಿದದ್ದನ್ನೂ ನೀವೇ ಕಟ್ಟಬೇಕು.

ಮಾರುವಾಗ ಮೊದಲು ಸಾಲ ಕೊಟ್ಟವರಿಂದ ಫೋರ್‌ಕ್ಲೋಷರ್ ಲೆಕ್ಕದ ಪತ್ರ, ಅಂದರೆ ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಅನ್ನೋ ಪತ್ರ ತೆಗೆದುಕೊಳ್ಳಿ. ಕೊಳ್ಳುವವರ ದುಡ್ಡು ನೇರ ಸಾಲದ ಖಾತೆಗೆ ಹೋಗಲಿ. ಸಾಲ ತೀರಿದ ಮೇಲೆ ಎನ್‌ಒಸಿ (ಬಾಕಿ ಇಲ್ಲ, ಆಕ್ಷೇಪ ಇಲ್ಲ ಅನ್ನೋ ಪತ್ರ) ಮತ್ತು ಫಾರಂ 35 ಪಡೆದು ಆರ್‌ಟಿಒದಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ, ಫಾರಂ 29 ಮತ್ತು 30ರಲ್ಲಿ ಹೆಸರು ವರ್ಗಾಯಿಸಿ. "ಗಾಡಿ ಕೊಡಿ ಸಾರ್, ಕಂತು ನಾನು ಕಟ್ಟಿಕೊಂಡು ಹೋಗ್ತೀನಿ" ಅಂತ ಬರುವವರನ್ನು ದಯವಿಟ್ಟು ನಂಬಬೇಡಿ. ಸಾಲ ನಿಮ್ಮ ಹೆಸರಲ್ಲೇ ಇರುತ್ತದೆ, ಆರ್‌ಸಿಯೂ ನಿಮ್ಮದೇ. ಅವರು ಅಪಘಾತ ಮಾಡಿದರೆ ಕೋರ್ಟಿಗೆ ನಿಮ್ಮನ್ನೂ ಎಳೆಯುತ್ತಾರೆ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿಗಾಗಿ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ಇದು ಆರ್‌ಬಿಐ ನಿಯಮ. ಗೂಂಡಾಗಳನ್ನು ಕಳಿಸಿ ಗಾಡಿ ಎತ್ತಿಕೊಂಡು ಹೋಗೋದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ. ಗುರುತಿನ ಚೀಟಿ, ಬ್ಯಾಂಕಿನ ಅಧಿಕಾರ ಪತ್ರ ಕೇಳಿ. ದಬ್ಬಾಳಿಕೆ ಮಾಡಿದರೆ 112ಕ್ಕೆ ಫೋನ್ ಮಾಡಿ. ಸಾಲ ಕೊಟ್ಟವರಿಗೆ ಬರೆದ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಉಚಿತವಾಗಿ ದೂರು ಕೊಡಬಹುದು, ಮಾಹಿತಿಗೆ 14448. ವಕೀಲರಿಗೆ ದುಡ್ಡಿಲ್ಲದವರು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ.

ಹೋದ ದುಡ್ಡು ತೆಗೆಸಿಕೊಡುತ್ತೇವೆ, ಮುಂಗಡ ಕಟ್ಟಿ ಅಂತ ಫೋನ್ ಬಂದರೆ ಅದು ಎರಡನೇ ಮೋಸ. ಸಾಲದ ಬಾಕಿಯನ್ನು ಅರ್ಧಕ್ಕೆ ಸೆಟಲ್ ಮಾಡಿಕೊಡುತ್ತೇವೆ ಅಂತ ವಾಟ್ಸಾಪ್ ಲಿಂಕ್ ಬಂದರೂ ಒತ್ತಬೇಡಿ. ನಿಜವಾದ ಸೆಟಲ್‌ಮೆಂಟ್ ಕೂಡ ಕೊನೆಯ ದಾರಿ, ಸಿಬಿಲ್‌ನಲ್ಲಿ ಸೆಟಲ್ಡ್ ಅಂತ ಬಿದ್ದರೆ ಮುಂದೆ ಮನೆ ಸಾಲಕ್ಕೆ ಹೋದಾಗ ತೊಂದರೆ ಆಗುತ್ತದೆ.

ಮನೆಯವರಿಗೆ ಹೇಳಿ. ಹೆಂಡತಿಗೆ, ಗಂಡನಿಗೆ, ಅಪ್ಪ ಅಮ್ಮನಿಗೆ, ಯಾರಿಗಾದರೂ ಒಬ್ಬರಿಗೆ. ಮುಚ್ಚಿಟ್ಟವರೇ ಮೀಟರ್ ಬಡ್ಡಿಗೆ ಹೋಗೋದು. ರಾತ್ರಿ ನಿದ್ದೆ ಬರದೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ನಮ್ಮ ನಿಮ್ಹಾನ್ಸ್ ಇದರ ಹಿಂದಿದೆ. ಮೋಸ ಮಾಡಿದ್ದು ಅವರು. ನಾಚಿಕೆ ನಿಮಗೆ ಬೇಡ.

ತಡೆಹಿಡಿದ ಹಣ ಯಾವುದೋ ಖಾತೆಯಲ್ಲಿ ಸಿಕ್ಕಿದ್ದರೆ, ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕಾಗಬಹುದು. ತನಿಖಾಧಿಕಾರಿಯನ್ನು ಕೇಳಿ ಅರ್ಜಿ ಹಾಕಿಸಿ, ಲೋಕ ಅದಾಲತ್‌ನಲ್ಲಿ ತೆಗೆದುಕೊಳ್ಳುತ್ತಾರಾ ಅಂತಲೂ ಕೇಳಿ. ಬಂದ ದಿನ ಮೊದಲು ಕಾರಿನ ಬಾಕಿ ಕಂತು ಮತ್ತು ಶುಲ್ಕ ತೀರಿಸಿ, ಆಮೇಲೆ ಅಡ ಇಟ್ಟ ಚಿನ್ನ ಬಿಡಿಸಿ. ಉಳಿದರೆ ಎರಡು ಕಂತಿನಷ್ಟು ಹಣವನ್ನು ಯುಪಿಐಗೆ ಜೋಡಿಸದ ಬೇರೆ ಖಾತೆಯಲ್ಲಿ ಇಡಿ. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ಮತ್ತೆ ತೆಗೆದು, ಬಾಕಿ ಸೊನ್ನೆ ಅಂತ ಬಂದಿದೆಯೇ ನೋಡಿಕೊಳ್ಳಿ. ಬಂದಿಲ್ಲದಿದ್ದರೆ ರಸೀದಿ ಲಗತ್ತಿಸಿ ಸಾಲ ಕೊಟ್ಟವರಿಗೂ ಸಿಬಿಲ್‌ಗೂ ಒಟ್ಟಿಗೇ ಬರೆಯಿರಿ.