ಒಳ್ಳೆಯ ಕೈಗೆ ಖಣದ ಗವಸು: ಮೆದುಳು ಜ್ವರದ ನಂತರ ಒಂದು ಮಗುವಿನ ಬಲಗೈ ಮರಳಿದ ಬಗೆ

ಗದಗಿನಲ್ಲಿ ನಾನು ಫಿಜಿಯೊಥೆರಪಿ ಚಿಕಿತ್ಸಾಲಯ ನಡೆಸುತ್ತ ಹದಿನಾಲ್ಕು ವರ್ಷಗಳಾದವು. ಸೊಂಟನೋವು, ಮೊಣಕಾಲು ನೋವಿನವರು, ಲಕ್ವ ಹೊಡೆದ ಹಿರಿಯರು ನನ್ನಲ್ಲಿಗೆ ಹೆಚ್ಚು ಬರುತ್ತಾರೆ, ಮಕ್ಕಳು ಕಡಿಮೆ. ಆದ್ದರಿಂದ ಮೆದುಳು ಜ್ವರದಿಂದ, ಅಂದರೆ ವೈರಲ್ ಎನ್‌ಸೆಫಲೈಟಿಸ್‌ನಿಂದ ಬದುಕಿ ಬಂದ ನಾಲ್ಕೂವರೆ ವರ್ಷದ ಹುಡುಗಿಗೆ ಒಳ್ಳೆಯ ಕೈಯನ್ನು ಮುಚ್ಚಿ ಸೋತ ಕೈಯನ್ನು ದುಡಿಸುವ ಚಿಕಿತ್ಸೆಯನ್ನು, ಅದೂ ಹಳ್ಳಿಯ ಮನೆಯಲ್ಲಿ ಅಜ್ಜಿಯ ಕೈಯಿಂದ ಮಾಡಿಸುತ್ತೇನೆ ಎಂದಾಗ ಹುಬ್ಬಳ್ಳಿಯ ಇಬ್ಬರು ಸಹೋದ್ಯೋಗಿಗಳು ಸ್ಪಷ್ಟವಾಗಿ ಬೇಡವೆಂದರು. ಹುಟ್ಟಿನ ಆಸುಪಾಸಿನಲ್ಲಿ ಮೆದುಳಿಗೆ ಪೆಟ್ಟಾದ (ಸೆರೆಬ್ರಲ್ ಪಾಲ್ಸಿ) ಮಕ್ಕಳಿಗೆ ಅದು ಸರಿ, ಮೂರ್ಛೆಯ ಔಷಧ ನುಂಗುತ್ತಿರುವ, ಮಾತು ಕಳೆದುಕೊಂಡ, ಕ್ಷಣಕ್ಕೊಮ್ಮೆ ರೇಗುವ ಮಗುವಿಗೆ ಹಿಂಸೆಯಾಗುತ್ತದೆ ಎಂಬುದು ಅವರ ಮಾತು. ಈಗ ಆ ಹುಡುಗಿ ಬಲಗೈಯಿಂದಲೇ ಉಣ್ಣುತ್ತಾಳೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಈ ರೀತಿಯಲ್ಲಿ ಮೊದಲು ಮಾಡಿದ್ದು ನಾನೇ ಎಂದು ನನ್ನ ನಂಬಿಕೆ.

2023ರ ಜನವರಿಯಲ್ಲಿ, ಮುಳಗುಂದದ ಆಚೆಗಿನ ಒಂದು ಹಳ್ಳಿಯಲ್ಲಿ, ಎರಡು ದಿನ ಜ್ವರವಿದ್ದ ಮಗುವಿಗೆ ಮೂರನೆಯ ದಿನ ನಸುಕಿನಲ್ಲಿ ಬಲಗೈ, ಬಲಗಾಲು ಸೆಳೆದು ಫಿಟ್ಸ್ ಬಂದವು. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಅದನ್ನು ಜ್ವರದ ಫಿಟ್ಸ್ ಎಂದೇ ತಿಳಿದು ಎರಡು ದಿನ ಇಟ್ಟುಕೊಂಡರು. ಮಗುವಿಗೆ ಎಚ್ಚರ ಬರಲಿಲ್ಲ. ಹುಬ್ಬಳ್ಳಿಗೆ ಒಯ್ದ ರಾತ್ರಿಯೇ ಅಲ್ಲಿಯ ವೈದ್ಯರು ವರದಿಗೆ ಕಾಯದೆ ಅಸೈಕ್ಲೊವಿರ್ ಎಂಬ ವೈರಸ್ ತಡೆಯುವ ಔಷಧ ಆರಂಭಿಸಿದ್ದು ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ. ಬೆನ್ನಿನಿಂದ ತೆಗೆದ ನೀರಿನ ಪಿಸಿಆರ್ ಪರೀಕ್ಷೆಯಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸು ಸಿಕ್ಕಿತು, ಎಮ್‌ಆರ್‌ಐಯಲ್ಲಿ ಮೆದುಳಿನ ಎಡ ಟೆಂಪೊರಲ್ (ಕಿವಿಯ ಮೇಲಿನ) ಭಾಗವೂ ಅದರ ಮುಂದಿನ ಸ್ವಲ್ಪ ಭಾಗವೂ ಬಾತಿದ್ದವು, 21 ದಿನ ರಕ್ತನಾಳದ ಮೂಲಕ ಔಷಧ ನಡೆಯಿತು. ಮನೆಯವರು ಎರಡು ಎಕರೆ ಮೆಣಸಿನಕಾಯಿ ಹೊಲವನ್ನು ಒತ್ತೆಯಿಟ್ಟರು. ಎಲ್ಲ ಸೇರಿ ಖರ್ಚು 1 ಲಕ್ಷ 80 ಸಾವಿರದ ಆಸುಪಾಸಿನಲ್ಲಿತ್ತು ಎಂದು ಅವಳ ತಂದೆ ಹೇಳಿದ ನೆನಪು.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. 2022ರ ಡಿಸೆಂಬರಿನಲ್ಲಿ ಗದಗ, ಹಾವೇರಿ ಸೇರಿದಂತೆ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಜಪಾನೀಸ್ ಎನ್‌ಸೆಫಲೈಟಿಸ್ ಲಸಿಕೆಯ ಅಭಿಯಾನ ನಡೆದಿತ್ತು. ಈ ಹುಡುಗಿಗೂ ಲಸಿಕೆ ಹಾಕಿಸಿದ್ದರು, ತಿಂಗಳೊಳಗೆ ಅವಳು ಹಾಸಿಗೆ ಹಿಡಿದಳು, ಓಣಿಯವರೆಲ್ಲ ಲಸಿಕೆಯಿಂದಲೇ ಹೀಗಾಯಿತೆಂದರು. ಅದು ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ಬೇರೆಯೇ ವೈರಸ್ಸಿಗೆ ಹಾಕಿದ ಲಸಿಕೆ, ಮಗುವಿನ ಮೆದುಳಿನಲ್ಲಿ ಸಿಕ್ಕದ್ದು ತುಟಿಯ ಮೇಲೆ ಜ್ವರದ ಗುಳ್ಳೆ ಏಳಿಸುವ ಜಾತಿಯ ವೈರಸ್ಸು, ಒಂದಕ್ಕೊಂದು ಸಂಬಂಧವಿಲ್ಲ ಎಂದು ವರದಿಯ ಹಾಳೆಯನ್ನು ಮುಂದಿಟ್ಟುಕೊಂಡು ನಾನು ಅಜ್ಜಿಗೆ ಮೂರು ಸಲ ಬಿಡಿಸಿ ಹೇಳಿದೆ. ಲಸಿಕೆ ಹಾಕಿಸಲು ಕರೆದೊಯ್ದವರು ಅವರೇ ಆಗಿದ್ದರು. ಆ ತಪ್ಪಿತಸ್ಥ ಭಾವನೆ ಇಳಿಯುವವರೆಗೆ ಅವರಿಂದ ಯಾವ ಕೆಲಸವನ್ನೂ ಮಾಡಿಸಲು ಸಾಧ್ಯವಿರಲಿಲ್ಲ.

ಮಾರ್ಚಿನಲ್ಲಿ ಎಲ್ಲರೂ ಮಾಡುವಂತೆ ನಾನೂ ಮಗುವನ್ನು ದಿನವೂ ಚಿಕಿತ್ಸಾಲಯಕ್ಕೆ ಕರೆಸಿದೆ. ಆಗ ಅವಳು ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು, ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿರುತ್ತಿತ್ತು, ಮಾತು ಒಂದೂ ಇರಲಿಲ್ಲ. ಬಸ್ಸಿನಲ್ಲಿ ಬಂದು ತಲುಪುವಷ್ಟರಲ್ಲಿ ಅವಳು ನಿದ್ದೆಹೋಗುತ್ತಿದ್ದಳು. ಎಬ್ಬಿಸಿದರೆ ಅರ್ಧ ಗಂಟೆ ಅಳು, ಉಳಿದ ಹತ್ತು ನಿಮಿಷ ನನ್ನ ಕೆಲಸ. ಸುಮಾರು 34 ದಿನ ಹೀಗೆ ಬಂದರು. ಬಸ್ಸು, ಆಟೋ, ಊಟ, ತಾಯಿಯ ಕೂಲಿ, ನನ್ನ ಶುಲ್ಕ ಸೇರಿ ದಿನಕ್ಕೆ 700 ರೂಪಾಯಿಯಂತೆ 24 ಸಾವಿರದ ಹತ್ತಿರ ಹೋಯಿತು. ಕಾಲು ತಕ್ಕಮಟ್ಟಿಗೆ ಸುಧಾರಿಸಿತು, ಅದು ಹೇಗಿದ್ದರೂ ಸುಧಾರಿಸುತ್ತಿತ್ತು ಎಂದೇ ನನಗನ್ನಿಸುತ್ತದೆ. ಕೈ ಮಾತ್ರ ಇದ್ದಲ್ಲೇ ಇತ್ತು. ಬಣ್ಣದ ಟೇಪನ್ನು ಮಣಿಕಟ್ಟಿಗೆ ಅಂಟಿಸಿ ನೋಡಿದೆ, 600 ರೂಪಾಯಿಯ ಸುರುಳಿ ಮುಗಿಯಿತೇ ಹೊರತು ಏನೂ ಆಗಲಿಲ್ಲ. ವಿದ್ಯುತ್ ಪ್ರಚೋದನೆಯನ್ನು ಫಿಟ್ಸ್ ಇದ್ದ ಮಗುವಿಗೆ ಕೊಡಲು ನನಗೆ ಧೈರ್ಯವಾಗಲಿಲ್ಲ.

ಮಾರ್ಚಿನ ಕೊನೆಗೆ ಮಗು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಿರುಚಲು, ತಾಯಿಯನ್ನು ಕಚ್ಚಲು ತೊಡಗಿತು. ಹರ್ಪಿಸ್ ಎನ್‌ಸೆಫಲೈಟಿಸ್ ವಾಸಿಯಾದ ಮಕ್ಕಳಲ್ಲಿ ಕೆಲವರಿಗೆ ಎರಡು, ಮೂರು ತಿಂಗಳೊಳಗೆ ದೇಹವೇ ತನ್ನ ಮೆದುಳಿನ ಎನ್‌ಎಮ್‌ಡಿಎ ಗ್ರಾಹಕಗಳ (ನರಕೋಶಗಳು ಸಂಕೇತ ಪಡೆಯುವ ಭಾಗಗಳ) ಮೇಲೆ ತಿರುಗಿ ಬೀಳುವ ಎರಡನೆಯ ಸುತ್ತಿನ ಕಾಯಿಲೆ ಬರುತ್ತದೆ ಎಂಬುದನ್ನು ನಮ್ಮ ವೃತ್ತಿಯವರು ನೆನಪಿನಲ್ಲಿಡಬೇಕು. ಸುಧಾರಿಸುತ್ತಿದ್ದ ಮಗು ಹಿಂದೆ ಸರಿದರೆ, ಕೈಕಾಲು ತಾವಾಗಿ ಹೊರಳಾಡತೊಡಗಿದರೆ, ವ್ಯಾಯಾಮ ಹೆಚ್ಚಿಸುವುದಲ್ಲ, ಅಂದೇ ನರರೋಗ ತಜ್ಞರ ಬಳಿಗೆ ಕಳಿಸಬೇಕು. ನಾನು ಕಳಿಸಿದೆ. ಪರೀಕ್ಷೆಗೆ 12 ಸಾವಿರ ಆಯಿತು, ಆ ಕಾಯಿಲೆ ಇಲ್ಲವೆಂದು ಫಲಿತಾಂಶ ಬಂತು. ಫಿಟ್ಸ್‌ಗೆ ಕೊಡುತ್ತಿದ್ದ ಲೆವೆಟಿರಾಸೆಟಮ್ ಕೆಲವು ಮಕ್ಕಳಲ್ಲಿ ಹೀಗೆ ಸಿಡುಕು ತರುತ್ತದೆಂದು ಹೇಳಿದ ತಜ್ಞರು ನಿಧಾನವಾಗಿ ಬೇರೆ ಔಷಧಕ್ಕೆ ಬದಲಿಸಿದರು. ಮೂರು ವಾರಗಳಲ್ಲಿ ಮಗು ಶಾಂತವಾಯಿತು. ಹನ್ನೆರಡು ಸಾವಿರ ದಂಡವಾಯಿತೆಂದು ತಂದೆ ನೊಂದುಕೊಂಡರು. ಇಂದು ಅಂಥದೇ ಲಕ್ಷಣ ಕಂಡರೂ ನಾನು ಮತ್ತೆ ಕಳಿಸುತ್ತೇನೆ.

ಮೇ ತಿಂಗಳಲ್ಲಿ ಮೊದಲ ಬಾರಿ ಒಳ್ಳೆಯ ಕೈಯನ್ನು, ಅಂದರೆ ಎಡಗೈಯನ್ನು, ಮುಚ್ಚಿದೆ. ಪುಸ್ತಕದಲ್ಲಿದ್ದಂತೆ ಹಗುರ ಪ್ಲಾಸ್ಟರ್ ಹಾಕಿದೆ. ಅದು ನನ್ನ ತಪ್ಪು. ಗದಗಿನ ಬೇಸಿಗೆಯಲ್ಲಿ ಬೆವರಿಗೆ ಚರ್ಮ ಕೆಂಪಾಗಿ ಸುಲಿಯಿತು, ಆಯ ತಪ್ಪಿದಾಗ ನೆಲಕ್ಕೆ ಕೈಯೂರಲಾಗದೆ ಹಣೆಗೆ ಪೆಟ್ಟಾಯಿತು, ಪ್ಲಾಸ್ಟರಿನಿಂದ ತಮ್ಮನಿಗೂ ಹೊಡೆದಳು. ಐದನೆಯ ದಿನ ಕತ್ತರಿಸಿ ತೆಗೆದೆ. ಅಂದು ಅಜ್ಜಿ, "ಏನ್ರೀ ಡಾಕ್ಟರ, ದೇವರು ಒಂದ ಕೈಯಾದರೂ ಚಲೋ ಉಳಿಸ್ಯಾನ, ಅದನ್ನೂ ಕಟ್ಟಿ ಹಾಕ್ತೀರೇನು?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಅದೇ ಮಾತಿನ ಬೆನ್ನಿಗೆ ಅವರು, "ಕೂಸು ಎಡಗೈಲೆ ಉಣ್ಣೂದ ನೋಡಿದ್ರ ನನ್ನ ಗಂಟಲಾಗ ತುತ್ತ ಇಳಿಯಂಗಿಲ್ರಿ" ಎಂದರು. ನನಗೆ ಬೇಕಾದ ಗುರಿಯನ್ನು ಅವರೇ ಕೊಟ್ಟರು. ಬೆರಳಿನ ಹಿಡಿತ, ಮಣಿಕಟ್ಟಿನ ಚಲನೆ ಎಂದು ಎರಡು ತಿಂಗಳು ನಾನು ಹೇಳಿದ್ದು ಆ ಮನೆಯಲ್ಲಿ ಯಾರಿಗೂ ಮುಟ್ಟಿರಲಿಲ್ಲ. ಬಲಗೈ ಊಟ ಎಂದೊಡನೆ ಇಡೀ ಮನೆ ಎದ್ದು ನಿಂತಿತು.

ಜೂನ್ ಎರಡನೆಯ ವಾರದಲ್ಲಿ ಊರಿನ ದರ್ಜಿಯಿಂದ ಹಳೆಯ ಕುಪ್ಪಸದ ಖಣದಲ್ಲಿ, ಒಳಗೆ ಮೆತ್ತನೆಯ ಹತ್ತಿಬಟ್ಟೆ ಕೊಟ್ಟು, ಬೆರಳುಗಳಿಲ್ಲದ ಚೀಲದಂಥ ಗವಸನ್ನು ಹೊಲಿಸಿದೆ, 40 ರೂಪಾಯಿ. ಮಣಿಕಟ್ಟಿನವರೆಗೆ ಮಾತ್ರ ಇದ್ದುದರಿಂದ ಬಿದ್ದರೆ ಕೈಯೂರಲು ಬರುತ್ತಿತ್ತು. ಅರ್ಧ ಗಂಟೆಯಂತೆ ದಿನಕ್ಕೆ ನಾಲ್ಕು ಸಲ, ವಾರಕ್ಕೆ ಆರು ದಿನ, ಎಂಟು ವಾರ ಎಂದು ಲೆಕ್ಕ ಹಾಕಿದ್ದೆ. ನಡೆಯುವಾಗ, ಮೆಟ್ಟಿಲ ಬಳಿ, ಜ್ವರ ಬಂದ ದಿನ, ಔಷಧ ತಪ್ಪಿದ ದಿನ ಗವಸು ಹಾಕಬಾರದೆಂದು ಅಜ್ಜಿಯಿಂದ ಮಾತು ತೆಗೆದುಕೊಂಡೆ. ಮೊದಲ ದಿನ ಮಗು ಗವಸನ್ನು ತಾನಾಗಿ ಕೈಗೆ ಹಾಕಿಸಿಕೊಳ್ಳುವಂತೆ ಮಾಡಲು ನನ್ನದೊಂದು ಉಪಾಯವಿದೆ, ಬಿಗಿದ ಹೆಬ್ಬೆರಳನ್ನು ಬಿಚ್ಚಿಸಲು ಇನ್ನೊಂದಿದೆ. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ. ಎರಡನೆಯದನ್ನು ಓದಿಕೊಂಡು ಮಾಡಿದರೆ ಹೆಬ್ಬೆರಳ ಸಂದಿಗೆ ಪೆಟ್ಟಾಗುತ್ತದೆ. ಗದಗಿಗೆ ಬಂದರೆ ತೋರಿಸುತ್ತೇನೆ.

ಮುಂಜಾನೆಯ ಊಟವೇ ಮೊದಲ ಪಾಠ. 850 ರೂಪಾಯಿ ಕೊಟ್ಟು ತರಿಸಿದ ವಿಶೇಷ ಚಮಚ ಅವಳ ಕೈಯಲ್ಲಿ ಜಾರುತ್ತಿತ್ತು. ಮನೆಯ ಚಮಚದ ಹಿಡಿಗೆ ಸೈಕಲ್ಲಿನ ಹಿಡಿಕೆಯ ರಬ್ಬರು ತೊಡಿಸಿದ್ದು ನಿಂತಿತು. ಉಪ್ಪಿಟ್ಟು ಉದುರುತ್ತದೆ, ಅನ್ನ ಚೆಲ್ಲುತ್ತದೆ, ಗಟ್ಟಿ ಮೊಸರು ಕಲಸಿದ ಜೋಳದ ನುಚ್ಚು ಚಮಚಕ್ಕೂ ಬೆರಳಿಗೂ ಅಂಟಿ ಬಾಯಿಯವರೆಗೆ ಬರುತ್ತದೆ ಎಂಬುದನ್ನು ಕಂಡುಹಿಡಿದವರು ಅಜ್ಜಿ. ಎರಡನೆಯ ಪಾಠಕ್ಕೆ ಗಜ್ಜುಗದ ಬೀಜಗಳನ್ನು ಒಂದೊಂದಾಗಿ ಹಿತ್ತಾಳೆ ತಂಬಿಗೆಗೆ ಹಾಕಿಸಿದೆ. ಠಣ್ ಎಂಬ ಸದ್ದಿಗೆ ಅವಳ ಮುಖ ಅರಳುತ್ತಿತ್ತು. ಮೂರನೆಯ ದಿನ ಒಂದು ಗಜ್ಜುಗ ಬಾಯಿಗೆ ಹೋಯಿತು. ಟೆಂಪೊರಲ್ ಭಾಗಕ್ಕೆ ಪೆಟ್ಟಾದ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆಂದು ತಿಳಿದೂ ನಾನು ಎಚ್ಚರ ತಪ್ಪಿದ್ದೆ. ಅದೇ ಸಂಜೆ ಬಡಿಗೇರರ ಮನೆಯಲ್ಲಿ ಎರಡಿಂಚಿನ ಕಟ್ಟಿಗೆ ತುಂಡುಗಳನ್ನು ಮಾಡಿಸಿ, ತಂಬಿಗೆಯ ಜಾಗದಲ್ಲಿ ಸದ್ದಿಗಾಗಿ ಹಿತ್ತಾಳೆ ಕೊಡವನ್ನೇ ಇಟ್ಟೆವು. ಮೂರನೆಯದು ಸಂಜೆಯ ರೊಟ್ಟಿ. ಅಜ್ಜಿ ಒಂದು ಬಡಿದರೆ, ಪಕ್ಕದಲ್ಲಿ ಅವಳದೊಂದು ಪುಟ್ಟ ಹಿಟ್ಟಿನ ಉಂಡೆ. ರೊಟ್ಟಿ ಬಡಿಯಲು ಅಂಗೈ ಬಿಚ್ಚಲೇಬೇಕು, ಮಣಿಕಟ್ಟು ಮೇಲೇಳಲೇಬೇಕು. ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಯಾವ ಅಂಗಡಿಯಲ್ಲಿಯೂ ನೋಡಿಲ್ಲ. ನಾಲ್ಕನೆಯ ಪಾಠ ಹೆಚ್ಚಿನ ದಿನ ನಡೆಯಲೇ ಇಲ್ಲ.

ಜೂನ್ 18ರ ಮಣ್ಣೆತ್ತಿನ ಅಮಾವಾಸ್ಯೆಗೆ ಅವಳು ಮಾಡಿದ ಎತ್ತಿಗೆ ಕೊಂಬೂ ಇರಲಿಲ್ಲ, ಕಾಲೂ ಇರಲಿಲ್ಲ. ಜಿಗುಟು ಎರೆಮಣ್ಣಿನ ಮೇಲೆ ಬಲಗೈಯ ನಾಲ್ಕು ಬೆರಳುಗಳ ಗುರುತು ಮಾತ್ರ ಸಾಲಾಗಿ ಬಿದ್ದಿತ್ತು. ಅದರ ಚಿತ್ರ ಈಗಲೂ ನನ್ನ ಫೋನಿನಲ್ಲಿದೆ. ಒಂದು ನಿಮಿಷಕ್ಕೆ ಕೊಡಕ್ಕೆ ಹಾಕುವ ತುಂಡುಗಳನ್ನು ಪ್ರತಿ ಭಾನುವಾರ ನಾನೇ ಎಣಿಸುತ್ತಿದ್ದೆ: ಆರಂಭದಲ್ಲಿ 2, ಮೂರನೆಯ ವಾರ 5, ನಾಲ್ಕು ಮತ್ತು ಐದನೆಯ ವಾರ ಅದೇ 5. ಆಗ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ, ಇನ್ನು ಬಿಡಿ ಎಂದರು. ಆರನೆಯ ವಾರ 9, ಎಂಟನೆಯ ವಾರ 16 ಅಥವಾ 17. ಎಡಗೈ ಅದೇ ಹೊತ್ತಿನಲ್ಲಿ 24ರಷ್ಟು ಹಾಕುತ್ತಿತ್ತು. ಆ ವರ್ಷ ಅಧಿಕ ಶ್ರಾವಣ ಬಂದು ನಾಗರ ಪಂಚಮಿ ಆಗಸ್ಟ್ 21ಕ್ಕೆ ಹೋದದ್ದು ನಮಗೆ ಅನುಕೂಲವೇ ಆಯಿತು. ಗವಸು ಕಳಚಿ ಎರಡೂ ಕೈಗಳನ್ನು ಕೂಡಿಸುವ ಹಂತಕ್ಕೆ ಉಂಡಿ ಕಟ್ಟುವ ಕೆಲಸ ಸರಿಯಾಗಿ ಒದಗಿತು. ಶೇಂಗಾ ಉಂಡಿ ಒಡೆದುಹೋದವು, ತಂಬಿಟ್ಟಿನವು ನಿಂತವು.

ಮಾತಿನ ವಿಷಯ ನನ್ನ ಕ್ಷೇತ್ರವಲ್ಲ, ಆದರೂ ಒಂದನ್ನು ಗಮನಿಸಿದೆ. ಕೇಳಿದರೆ ಒಂದು ಶಬ್ದವನ್ನೂ ಆಡದ ಮಗು, ರೊಟ್ಟಿ ಬಡಿಯುವ ತಾಳಕ್ಕೆ ಅಜ್ಜಿ ರಾಗವಾಗಿ ಎಣಿಸುತ್ತಿದ್ದರೆ "ಮೂರು" ಎಂದು ಸೇರಿಸುತ್ತಿತ್ತು. ಇದನ್ನು ವಾಕ್ ಚಿಕಿತ್ಸಕರಿಗೆ ತಿಳಿಸಿದೆ, ಅವರು ಅಲ್ಲಿಂದಲೇ ಮುಂದುವರಿಸಿದರು. ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದದ್ದರಿಂದ ತಾಯಿ ತಿಂಗಳಿಗೆರಡು ಸಲ ಅವಳನ್ನು ಧಾರವಾಡಕ್ಕೆ ಅವರಲ್ಲಿಗೆ ಕರೆದೊಯ್ಯಲು ಸಾಧ್ಯವಾಯಿತು. ಈ ಎಂಟು ವಾರಗಳಿಗೆ ನನ್ನ ಭೇಟಿಯ ಶುಲ್ಕ, ಪೆಟ್ರೋಲು, ಗವಸು, ಕಟ್ಟಿಗೆ ಎಲ್ಲ ಸೇರಿ ಅವರಿಗಾದ ಖರ್ಚು ನಾಲ್ಕೂವರೆ ಸಾವಿರ ದಾಟಲಿಲ್ಲ.

ಅವಳು ಈಗ ಒಂದನೆಯ ತರಗತಿಯಲ್ಲಿದ್ದಾಳೆ. ಬಲಗೈಯಿಂದ ಉಣ್ಣುತ್ತಾಳೆ, ಗುಂಡಿ ಹಾಕಿಕೊಳ್ಳುತ್ತಾಳೆ, ಬರೆಯಲು ಮಾತ್ರ ಎಡಗೈಯನ್ನೇ ಬಳಸುತ್ತಾಳೆ, ಅದನ್ನು ಬದಲಿಸಲು ನಾನು ಒತ್ತಾಯಿಸಿಲ್ಲ. ನಿನ್ನೆ ಹೇಳಿದ್ದು ಇಂದು ಮರೆಯುತ್ತದೆ, ಫಿಟ್ಸ್‌ನ ಒಂದು ಔಷಧ ನಡೆದಿದೆ. ಸದ್ಯ ಶಿಗ್ಗಾವಿಯ ಕಡೆಯ ಒಬ್ಬ ಹುಡುಗನಿಗೆ ಇದನ್ನೇ ಆರಂಭಿಸಿದ್ದೇನೆ. ಅವನ ಅಜ್ಜಿ ಒಪ್ಪದ ಕಾರಣ ಸೋದರಮಾವನೇ ಕಲಿತಿದ್ದಾನೆ. ಮೂರನೆಯ ವಾರ ನಡೆಯುತ್ತಿದೆ, ಎಣಿಕೆ 4ಕ್ಕೆ ನಿಂತಿದೆ.