ದೊಡ್ಡ ಗಂಟಲು, ದೊಡ್ಡ ಬಡ್ಡಿ: ನಮ್ಮ ಮನೆಯ ಸಾಲ ತೀರಿಸಿದ ಬಗೆ

ನಮ್ಮ ಕುಟುಂಬದ ಮೇಲೆ ಒಟ್ಟು ಎಷ್ಟು ಸಾಲವಿದೆ ಎಂಬುದು 2023ರ ಜೂನ್‌ವರೆಗೆ ನನಗೂ ಗೊತ್ತಿರಲಿಲ್ಲ, ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ. ಅವರು ಮಾಡಿದ್ದು ಅವರಿಗೆ ಗೊತ್ತಿತ್ತು, ನಾನು ಮಾಡಿದ್ದು ನನಗೆ. ಅವರು ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರೂ ಗಂಜ್‌ನಿಂದ ದಾಲ್ ಮಿಲ್‌ಗಳಿಗೆ ತೊಗರಿ ಚೀಲ ಸಾಗಿಸುವ ಲಗೇಜ್ ಆಟೋ ಓಡಿಸುತ್ತಾರೆ. ನಾನು ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆ. ಇಬ್ಬರದೂ ಸೇರಿ ಆಗ ತಿಂಗಳಿಗೆ ಸರಾಸರಿ 34,000 ರೂಪಾಯಿ ಬರುತ್ತಿತ್ತು. ಸರಾಸರಿ ಎಂದು ಹೇಳಲು ಕಾರಣವಿದೆ. ತೊಗರಿ ರಾಶಿಯಾಗಿ ಗಂಜ್‌ಗೆ ಆವಕ ಬರುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಟೋಗೆ ಬಿಡುವೇ ಇರುವುದಿಲ್ಲ. ಮಳೆಗಾಲದಲ್ಲಿ ಅದೇ ಆಟೋ ಗಂಜ್‌ನ ಬಾಗಿಲಲ್ಲಿ ಅರ್ಧ ದಿನ ಬಾಡಿಗೆಗೆ ಕಾಯುತ್ತಾ ನಿಂತಿರುತ್ತದೆ. ಆದರೆ ಕಂತಿಗೆ ಮಳೆಗಾಲ, ಸುಗ್ಗಿ ಎಂಬ ಭೇದವಿಲ್ಲ. ಪ್ರತಿ ತಿಂಗಳೂ ಅದೇ ತಾರೀಖು, ಅದೇ ಮೊತ್ತ.

2021ರಲ್ಲಿ ಮಾವನವರ ಆಸ್ಪತ್ರೆ ಖರ್ಚು, ಅದರ ಬೆನ್ನಿಗೇ ನಾದಿನಿಯ ಮದುವೆ. ಅಲ್ಲಿಂದ ಶುರುವಾಯಿತು. ಎರಡು ವರ್ಷದಲ್ಲಿ ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ಎಂಬ ಹಂತಕ್ಕೆ ಬಂದಿದ್ದೆವು. ನಾನು ಬ್ಯಾಂಕಿಗೆ ಹೋದದ್ದೂ ಹೊಸ ಸಾಲ ಕೇಳುವುದಕ್ಕೇ. ಅಲ್ಲಿನ ಅಧಿಕಾರಿ ನನ್ನ ಸಂಬಳದ ಚೀಟಿ ನೋಡಿ, ಖಾತೆಯಿಂದ ಕಡಿತವಾಗುತ್ತಿದ್ದ ಕಂತುಗಳನ್ನು ನೋಡಿ, ಸಾಲ ಕೊಡಲು ಬರುವುದಿಲ್ಲ ಎಂದರು. ನಾನು ಎದ್ದು ಹೊರಡುವಾಗ ಮತ್ತೆ ಕರೆದು, ಜಿಲ್ಲೆಯ ಬ್ಯಾಂಕುಗಳಿಗೆ ಮುಂದಾಳಾದ ಲೀಡ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರದಲ್ಲಿ ಒಬ್ಬ ಸಲಹೆಗಾರರಿದ್ದಾರೆ, ಹಣ ತೆಗೆದುಕೊಳ್ಳುವುದಿಲ್ಲ, ಒಮ್ಮೆ ಹೋಗಿ ಬನ್ನಿ ಎಂದರು. ಆ ದಿನ ಅವರು ಸಾಲ ಕೊಡದೇ ಇದ್ದದ್ದು ನಮಗೆ ಮಾಡಿದ ಉಪಕಾರ ಎಂದು ಈಗಲೂ ನಂಬಿದ್ದೇನೆ.

ಸಲಹೆಗಾರರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ನನ್ನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಬಳಿಕ ಒಂದೇ ಮಾತು: “ತಾಯಿ, ಯಜಮಾನರನ್ನೂ ಕರೆದುಕೊಂಡು ಬನ್ನಿ. ಬರುವಾಗ ಇಬ್ಬರೂ ಕೂತು ಎಲ್ಲ ಸಾಲವನ್ನೂ ಒಂದೇ ಹಾಳೆಯ ಮೇಲೆ ಬರೆದು ತನ್ನಿ. ಯಾರಿಗೆ, ಅಸಲು ಎಷ್ಟು ಉಳಿದಿದೆ, ತಿಂಗಳಿಗೆ ಎಷ್ಟು ಕಟ್ಟುತ್ತೀರಿ, ವರ್ಷಕ್ಕೆ ಬಡ್ಡಿ ಶೇಕಡಾ ಎಷ್ಟು, ಏನು ಒತ್ತೆ ಇಟ್ಟಿದ್ದೀರಿ.”

ಆ ರಾತ್ರಿ ಮಗ ಮಲಗಿದ ಮೇಲೆ ಅವನ ಶಾಲೆಯ ನೋಟುಪುಸ್ತಕದ ನಡುವಿನ ಜೋಡಿ ಹಾಳೆ ತೆಗೆದು ಗೆರೆ ಹೊಡೆದೆ. ಮೊದಲ ಮೂರು ಸಾಲು ಸಲೀಸಾಗಿ ಬಂದವು: ಸಾವಕಾರರ ಕೈಗಡ ಒಂದು ಲಕ್ಷ, ಆಟೋ ಸಾಲದಲ್ಲಿ ಉಳಿದದ್ದು 1,36,000, ನನ್ನ ನಾಲ್ಕು ತೊಲೆ ಬಂಗಾರದ ಮೇಲೆ ಬ್ಯಾಂಕಿನಲ್ಲಿ ತೆಗೆದ 90,000. ನಾಲ್ಕನೆಯದಕ್ಕೆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕ್ರೆಡಿಟ್ ಕಾರ್ಡ್ ಒಂದಿದೆ, 62,000” ಎಂದರು. ನನಗೆ ಕಾರ್ಡ್ ಇದ್ದದ್ದೇ ಗೊತ್ತಿರಲಿಲ್ಲ. ಕೇಳುವ ಬಾಯಿ ನನಗೂ ಇರಲಿಲ್ಲ; ಏಕೆಂದರೆ ಐದನೆಯ ಸಾಲಿನಲ್ಲಿ ನಾನು ಮೈಕ್ರೋ ಫೈನಾನ್ಸ್‌ನ ಗುಂಪು ಸಾಲ 38,000 ಎಂದು ಬರೆಯಬೇಕಿತ್ತು. ಆರನೆಯದು ಓಣಿಯ ಹೆಂಗಸರ ಭಿಶಿ, ಅಂದರೆ ಎಲ್ಲರೂ ತಿಂಗಳು ತಿಂಗಳು ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುವ ಚೀಟಿ. ಹಣ ಆಗಲೇ ಎತ್ತಿಕೊಂಡಾಗಿತ್ತು, 3,000 ರೂಪಾಯಿಯ ಒಂಬತ್ತು ಕಂತು ಬಾಕಿ. ಏಳು, ನನ್ನ ತಮ್ಮ ಕೊಟ್ಟ 40,000. ಎಂಟು, ಕಿರಾಣಿ ಅಂಗಡಿಯ ಉದ್ರಿ 11,400. ಕೂಡಿಸಿದಾಗ 5,04,400 ಬಂತು. ಇಬ್ಬರೂ ಎರಡೆರಡು ಬಾರಿ ಕೂಡಿಸಿದೆವು. ತಿಂಗಳಿಗೆ ಕಟ್ಟುತ್ತಿದ್ದದ್ದು 20,650. ಜಗಳವಾಗುತ್ತದೆ ಎಂದು ನಾನು ಹೆದರಿದ್ದೆ. ಆಗಲಿಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿ, “ಇಷ್ಟು ದಿನ ಇಬ್ಬರೂ ಬೇರೆ ಬೇರೆ ಹೊತ್ತುಕೊಂಡು ತಿರುಗಿದೆವು” ಎಂದರು.

ಸಲಹೆಗಾರರು ಹಾಳೆ ನೋಡಿ ಮೊದಲು ಕೇಳಿದ್ದು, ತಿಂಗಳ ಮೊದಲ ಹಣ ಯಾರಿಗೆ ಹೋಗುತ್ತದೆ ಎಂದು. ಸಾವಕಾರರಿಗೆ, ಆಮೇಲೆ ಭಿಶಿಗೆ ಎಂದೆ. ಏಕೆ? ಸಾವಕಾರರ ಕಡೆಯವರು ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ. ಭಿಶಿಯವರು ಪಕ್ಕದ ಮನೆಯವರು, ಮುಖ ತೋರಿಸಬೇಕು. “ನೀವು ಯಾರ ಗಂಟಲು ದೊಡ್ಡದು ಎಂದು ನೋಡಿ ಕಟ್ಟುತ್ತಿದ್ದೀರಿ. ಯಾರ ಬಡ್ಡಿ ದೊಡ್ಡದು ಎಂದು ನೋಡಿ ಕಟ್ಟಬೇಕು” ಎಂದು ಅವರು ಹಾಳೆಯ ಮೇಲೆ ಬಡ್ಡಿಯ ಪ್ರಕಾರ ಹೊಸದಾಗಿ ಅಂಕಿ ಹಾಕಿದರು.

ಸಾವಕಾರರದು ನೂರಕ್ಕೆ ಐದು ರೂಪಾಯಿ ಬಡ್ಡಿ. ನಮ್ಮ ಕಡೆ ಹಾಗೆಯೇ ಹೇಳುತ್ತೇವೆ, ಐದು ರೂಪಾಯಿ ಎಂದರೆ ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ ಶೇಕಡಾ 60. ಇಪ್ಪತ್ತೆರಡು ತಿಂಗಳು ತಪ್ಪದೆ 5,000 ಕಟ್ಟಿದ್ದೆವು. 1,10,000 ಹೋಗಿತ್ತು, ಒಂದು ಲಕ್ಷದ ಅಸಲು ಹಾಗೆಯೇ ಇತ್ತು. ಕಾರ್ಡಿನದು ತಿಂಗಳಿಗೆ ಶೇಕಡಾ 3.5, ಅಂದರೆ ವರ್ಷಕ್ಕೆ 42. ಯಜಮಾನರು ‘ಕನಿಷ್ಠ ಬಾಕಿ’ ಎಂದು ಬಂದ 3,100 ಕಟ್ಟಿ ಆ ತಿಂಗಳ ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದರು. ಅದರಲ್ಲಿ 2,170 ಬಡ್ಡಿಗೆ, ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿಗೆ 390. ಅಸಲಿಗೆ ಸೇರುತ್ತಿದ್ದದ್ದು 540 ರೂಪಾಯಿ. ನಾನು ರಾತ್ರಿ ನಿದ್ದೆಗೆಟ್ಟು ಚಿಂತಿಸುತ್ತಿದ್ದದ್ದು ಬಂಗಾರದ ಸಾಲಕ್ಕೆ. ಲೆಕ್ಕದಲ್ಲಿ, ಬಡ್ಡಿ ಇರುವ ಸಾಲಗಳಲ್ಲಿ ಅದೇ ಎಲ್ಲಕ್ಕಿಂತ ಅಗ್ಗ, ವರ್ಷಕ್ಕೆ ಒಂಬತ್ತೂವರೆ.

ಸಲಹೆಗಾರರು ಕೊಟ್ಟ ದಾರಿ ಕೇಳಿ ನನಗೆ ಮೊದಲು ಎದೆ ಧಸಕ್ಕೆಂದಿತು: ಬಂಗಾರದ ಮೇಲೆ ಇನ್ನಷ್ಟು ಸಾಲ ತೆಗೆಯಿರಿ. ಬಂಗಾರದ ಬೆಲೆ ಏರಿತ್ತು. ಆಗಿನ ನಿಯಮದಂತೆ ಬೆಲೆಯ ಶೇಕಡಾ 75ರವರೆಗೆ ಸಾಲ ಕೊಡಬಹುದಿತ್ತು, ನಾವು ಅಷ್ಟು ತೆಗೆದಿರಲಿಲ್ಲ. ಇನ್ನು 70,000 ಸಿಕ್ಕಿದರೆ ಅದರ ಬಡ್ಡಿ ತಿಂಗಳಿಗೆ 550ರ ಆಸುಪಾಸು. ಅದೇ 70,000ಕ್ಕೆ ಸಾವಕಾರರಿಗೆ ಕಟ್ಟುತ್ತಿದ್ದದ್ದು 3,500. ಒಂದು ಎಚ್ಚರಿಕೆಯನ್ನು ಮಾತ್ರ ಮೂರು ಸಲ ಹೇಳಿದರು: ಬಂದ ಹಣ ಮನೆಗೆ ಹೋಗಬಾರದು, ಬ್ಯಾಂಕಿನಿಂದ ನೇರವಾಗಿ ಸಾವಕಾರರ ಬಳಿಗೆ ಹೋಗಬೇಕು. ಅಂಗಳದಲ್ಲಿ ನಿಂತಿದ್ದ ಹಳೆಯ ಬೈಕ್ ಮಾರಿದೆವು, 24,000 ಬಂತು. ಒಟ್ಟು 94,000.

ಸಾವಕಾರರ ಬಳಿಗೆ ಹೋಗುವ ಮುನ್ನ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ ಬಂದೆ. ಮಹಿಳೆಯರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ಉಚಿತವಾಗಿ ಕಾನೂನು ನೆರವು ಕೊಡುತ್ತಾರೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಫೋನ್ ಸಂಖ್ಯೆ 15100. ಅಲ್ಲಿನ ವಕೀಲೆ ಹೇಳಿದರು: ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾನೂನು ರಾಜ್ಯದಲ್ಲಿ 2004ರಿಂದಲೇ ಇದೆ, ದೂರು ಕೊಡಬಹುದು. ಆದರೆ ಅವರು ಕೇಳಿದ ಮುಖ್ಯ ಪ್ರಶ್ನೆ ಬೇರೆ: “ಸಹಿ ಮಾಡಿದ ಖಾಲಿ ಚೆಕ್ ಎಷ್ಟು ಕೊಟ್ಟಿದ್ದೀರಿ?” ಮೂರು. “ಹಣ ಎಣಿಸಿ ಕೊಡುವ ಮೊದಲು ಚೆಕ್ ಎಣಿಸಿ ತೆಗೆದುಕೊಳ್ಳಿ. ಉಳಿದ ಒಂದು ಚೆಕ್ಕಿನಲ್ಲಿ ಅವರು ಯಾವ ಮೊತ್ತ ಬೇಕಾದರೂ ತುಂಬಬಹುದು. ಅದು ಬೌನ್ಸ್ ಆದರೆ ಕಲಂ 138ರ ಕೇಸು ಎದುರಿಸುವವರು ನೀವು.”

ನಮ್ಮ ಓಣಿಯ ಹಿರಿಯರಾದ ಕಾಕಾ ಒಬ್ಬರನ್ನು ಸಾಕ್ಷಿಗೆಂದು ಕರೆದುಕೊಂಡು ಹೋದೆವು. ಈವರೆಗೆ ಕಟ್ಟಿದ ಲೆಕ್ಕವನ್ನು ತಾರೀಖಿನ ಸಮೇತ ಮುಂದಿಟ್ಟು, “ಸಾವಕಾರರೇ, ಅಸಲಿಗಿಂತ ಹೆಚ್ಚು ಬಡ್ಡಿ ನಿಮಗೆ ಮುಟ್ಟಿದೆ. 94,000 ತಂದಿದ್ದೇವೆ, ಇದಕ್ಕೆ ಲೆಕ್ಕ ಮುಗಿಸಿ” ಎಂದೆ. ಗಂಟೆಗಟ್ಟಲೆ ಮಾತಾಯಿತು. ಕಾಕಾ ಏರು ದನಿ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಕೊನೆಗೆ ಸಾವಕಾರರು ಒಪ್ಪಿದರು. ಸಾಲಕ್ಕೆ ಬರೆದುಕೊಟ್ಟಿದ್ದ ಪ್ರಾಮಿಸರಿ ನೋಟು ಬಂತು, ಎರಡು ಚೆಕ್ ಬಂದವು. ಮೂರನೆಯದು ಎಲ್ಲೋ ಇದೆ, ಆಮೇಲೆ ಕಳಿಸುತ್ತೇನೆ ಎಂದರು. ಹಣದ ಚೀಲದ ಮೇಲೆ ನನ್ನ ಕೈ ಹಾಗೆಯೇ ಇತ್ತು. ‘ಸಾಲ ಪೂರ್ತಿ ತೀರಿದೆ, ಇಂಥ ಸಂಖ್ಯೆಯ ಚೆಕ್ ಸಿಕ್ಕಿದರೆ ಅದಕ್ಕೆ ಬೆಲೆ ಇಲ್ಲ’ ಎಂದು ಅವರ ಕೈಯಿಂದಲೇ ಬರೆಸಿ, ಸಹಿ ಮಾಡಿಸಿ, ಕಾಕಾರ ಸಾಕ್ಷಿ ಹಾಕಿಸಿದ ಮೇಲೆಯೇ ಚೀಲ ಬಿಟ್ಟೆ. ಮರುದಿನ ಬ್ಯಾಂಕಿಗೆ ಹೋಗಿ ಆ ಸಂಖ್ಯೆಯ ಚೆಕ್ಕಿಗೆ ಹಣ ಕೊಡದಂತೆ ಅರ್ಜಿ ಬರೆದುಕೊಟ್ಟೆವು.

ಕಾರ್ಡಿನ ವಿಷಯಕ್ಕೆ ಪರಿಚಿತರೊಬ್ಬರು ಬೇರೆಯೇ ಸಲಹೆ ಕೊಟ್ಟಿದ್ದರು: ನಾಲ್ಕಾರು ತಿಂಗಳು ಕಟ್ಟಬೇಡಿ, ಬ್ಯಾಂಕಿನವರೇ ಅರ್ಧಕ್ಕೆ ಸೆಟಲ್‌ಮೆಂಟ್‌ಗೆ ಬರುತ್ತಾರೆ. ಸಲಹೆಗಾರರು ಇದನ್ನು ಬಲವಾಗಿ ತಡೆದರು. ಹಾಗೆ ಮುಗಿಸಿದ ಸಾಲ, ನಮ್ಮ ಸಾಲದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ‘ಮುಕ್ತಾಯ’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಏಳು ವರ್ಷ ಆ ಗುರುತು ಹೋಗುವುದಿಲ್ಲ. ನಾಳೆ ಮಗನ ಓದಿಗೆ ಸಾಲ ಕೇಳಿದಾಗ ಅದೇ ಅಡ್ಡ ಬರುತ್ತದೆ. ಅದರ ಬದಲು, ಕಟ್ಟುವ ಶಕ್ತಿ ಇರುವಾಗಲೇ ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಂತುಗಳಿಗೆ ಬದಲಿಸಿಕೊಡಿ ಎಂದು ಕೇಳಲು ಹೇಳಿದರು. ಬ್ಯಾಂಕಿನವರು ಶೇಕಡಾ 18ರ ಬಡ್ಡಿಗೆ 24 ಕಂತು ಮಾಡಿಕೊಟ್ಟರು. ಕಂತು 3,095, ಮೇಲೆ ಜಿಎಸ್‌ಟಿ. ಮೊದಲು ಎಷ್ಟು ಕಟ್ಟಿದರೂ ಕರಗದಿದ್ದ ಸಾಲ, ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ ಎರಡು ವರ್ಷದಲ್ಲಿ ಮುಗಿಯುವಂತಾಯಿತು. ಕಾರ್ಡನ್ನು ಯಜಮಾನರು ಅಲ್ಲಿಯೇ ಕತ್ತರಿಸಿದರು.

ಮೈಕ್ರೋ ಫೈನಾನ್ಸ್‌ನ ಹುಡುಗ ಸಂಜೆ ಏಳೂವರೆಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಈ ಸಾಲಗಳ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತೆಯೂ ಇಲ್ಲ. ನಾನು ಅವನಿಗೆ ನೀರು ಕೊಟ್ಟು ಅದನ್ನು ಹೇಳಿದೆ. “ಅಕ್ಕಾ, ನಮಗೂ ಮೇಲಿನಿಂದ ಒತ್ತಡ” ಎಂದ. ಅದೂ ನಿಜವೇ. ಆಮೇಲೆ ಆರರ ಒಳಗೇ ಬಂದ. ಕಂತಿನ ಜೊತೆ ಪ್ರತಿ ತಿಂಗಳು 1,650 ಹೆಚ್ಚಿಗೆ ಕಟ್ಟಿ, ತೊಗರಿ ಸುಗ್ಗಿಯ ದುಡಿಮೆ ಸೇರಿಸಿ 2024ರ ಫೆಬ್ರುವರಿಯಲ್ಲಿ ಅದನ್ನು ಮುಗಿಸಿದೆವು. ಮಾರ್ಚ್‌ನಲ್ಲಿ ಭಿಶಿ ಮುಗಿಯಿತು. ಕಿರಾಣಿ ಅಂಗಡಿಗೆ ತಿಂಗಳಿಗೆ ಸಾವಿರದಂತೆ ಹಳೆಯ ಬಾಕಿ, ಹೊಸ ಸಾಮಾನೆಲ್ಲ ನಗದು.

ನನಗೆ ಒಪ್ಪಿಗೆಯಾಗದೆ ಒಪ್ಪಿಕೊಂಡ ಸಲಹೆ ಒಂದಿತ್ತು: ಸಾಲದ ನಡುವೆಯೂ ತಿಂಗಳಿಗೆ 1,000 ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕುವುದು. ಬಡ್ಡಿ ಕಟ್ಟುತ್ತಿರುವವರು ಉಳಿಸುವುದು ಯಾವ ಲೆಕ್ಕ ಎಂದು ವಾದಿಸಿದ್ದೆ. 2024ರ ನವೆಂಬರ್‌ನಲ್ಲಿ, ಸುಗ್ಗಿ ಇನ್ನೇನು ಹತ್ತಿರವಿದೆ ಎನ್ನುವಾಗ, ಆಟೋ ಎಂಜಿನ್ ಬಿಚ್ಚಬೇಕಾಯಿತು. 21,000 ಖರ್ಚು. ಖಾತೆಯಲ್ಲಿ 15,000 ಇತ್ತು. ಉಳಿದದ್ದಕ್ಕೆ ಆ ತಿಂಗಳು ಬಂಗಾರದ ಅಸಲಿಗೆ ಕಟ್ಟುವುದನ್ನು ಬಿಟ್ಟೆವು. ಆ 15,000 ಇರದಿದ್ದರೆ ನಾವು ಮತ್ತೆ ಐದು ರೂಪಾಯಿ ಬಡ್ಡಿಯ ಬಾಗಿಲಿಗೇ ಹೋಗುತ್ತಿದ್ದೆವು. ಬೇರೆ ಬಾಗಿಲು ಅಷ್ಟು ಬೇಗ ತೆರೆಯುವುದಿಲ್ಲ.

ಇನ್ನೊಂದು ಕೆಲಸ ಎಲ್ಲರೂ ಮಾಡಬೇಕಾದದ್ದು. ಸಿಬಿಲ್ ಸೇರಿ ನಾಲ್ಕು ಸಂಸ್ಥೆಗಳು ನಮ್ಮ ಸಾಲದ ಚರಿತ್ರೆ ಇಟ್ಟಿರುತ್ತವೆ, ಪ್ರತಿಯೊಂದರಿಂದಲೂ ವರ್ಷಕ್ಕೆ ಒಂದು ಪೂರ್ಣ ವರದಿ ಉಚಿತ. ತೆಗೆಸಿ ನೋಡಿದರೆ, ಎಂದೋ ಕಟ್ಟಿ ಮುಗಿಸಿದ ಟಿವಿ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದಿತ್ತು. ರಸೀದಿ ಇಟ್ಟುಕೊಂಡಿದ್ದರಿಂದ ದೂರು ಕೊಟ್ಟು ಸರಿಪಡಿಸಿಕೊಂಡೆ. ಬ್ಯಾಂಕೋ ಫೈನಾನ್ಸ್ ಕಂಪನಿಯೋ ದೂರಿಗೆ 30 ದಿನದಲ್ಲಿ ಉತ್ತರಿಸದಿದ್ದರೆ, ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಹೋಗಬಹುದು, ಸಂಖ್ಯೆ 14448. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಆಟೋ ಸಾಲ 2025ರ ಜೂನ್‌ಗೆ, ಕಾರ್ಡು ಜುಲೈಗೆ ಮುಗಿದವು. ಪ್ರತಿಯೊಂದಕ್ಕೂ ಬಾಕಿ ಇಲ್ಲ ಎಂಬ ಪತ್ರ ಬರೆಸಿ ತಂದಿದ್ದೇನೆ. ದೀಪಾವಳಿಗೆ ಮುನ್ನ ಬಂಗಾರ ಮನೆಗೆ ಬಂತು. ಬ್ಯಾಂಕಿನವರು ಲಕೋಟೆ ಒಡೆದು ತೂಕ ಮಾಡಿ ತೋರಿಸುವಾಗ, ಸರದ ಕೊಂಡಿಗೆ ಮದುವೆಯಲ್ಲಿ ಅವ್ವ ಸುತ್ತಿದ್ದ ಕೆಂಪು ದಾರ ಹಾಗೆಯೇ ಇತ್ತು.

ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಾಗ ಓಣಿಯ ಹೆಂಗಸರು ನಮ್ಮ ಮನೆಗೆ ಬಂದು, ಇನ್ನು ಕಟ್ಟಬೇಕಿಲ್ಲವಂತೆ, ಹೌದೇ ಎಂದು ಕೇಳಿದರು. ಆ ಕಾನೂನು ಇರುವುದು ಬಲವಂತದ ವಸೂಲಿಯನ್ನು ತಡೆಯಲು. ನೋಂದಾಯಿತ ಸಂಸ್ಥೆಯಿಂದ ತೆಗೆದ ಸಾಲ ಅದರಿಂದ ಮನ್ನಾ ಆಗುವುದಿಲ್ಲ ಎಂದು ವಿವರಿಸಿದೆ. ಈಗ ವಾರಕ್ಕೆ ಒಬ್ಬರಾದರೂ ಬರುತ್ತಾರೆ. ನಾನು ಗೆರೆ ಹೊಡೆದ ಹಾಳೆ ಕೊಟ್ಟು, ಮನೆಯವರ ಜೊತೆ ಕೂತು ಬರೆದುಕೊಂಡು ಬನ್ನಿ ಎನ್ನುತ್ತೇನೆ. ಕೆಲವರು ಮರಳಿ ಬರುವುದಿಲ್ಲ. ಮನೆಯವರಿಗೆ ಹೇಳುವುದೇ ಅವರಿಗೆ ಸಾಲಕ್ಕಿಂತ ಭಾರವಾಗಿರುತ್ತದೆ, ನನಗೂ ಹಾಗೆಯೇ ಆಗಿತ್ತು.

ನಮ್ಮ ಹಾಳೆ ಇನ್ನೂ ಅಲಮಾರಿಯ ಬಾಗಿಲ ಒಳಗೆ ಅಂಟಿಸಿದೆ. ಎಂಟರಲ್ಲಿ ಏಳು ಸಾಲುಗಳ ಮೇಲೆ ಗೀಟು ಬಿದ್ದಿದೆ. ಉಳಿದದ್ದು ತಮ್ಮನದು. ಬಡ್ಡಿ ಇಲ್ಲದ್ದರಿಂದ ಅದನ್ನು ಕೊನೆಗೆ ಇಟ್ಟಿದ್ದೆವು, ಅವನಿಗೆ ಮೊದಲೇ ಹೇಳಿ ಒಪ್ಪಿಸಿದ್ದೆ. ಫೋನಿನಲ್ಲಿ ಕೇಳಿದರೆ “ಇರಲಿ ಬಿಡು ಅಕ್ಕಾ” ಎನ್ನುತ್ತಾನೆ. 40,000 ಬೇರೆ ತೆಗೆದಿಟ್ಟಿದ್ದೇನೆ. ಬರುವ ಪಂಚಮಿಗೆ ತವರಿಗೆ ಹೋದಾಗ ಅವನ ಕೈಯಲ್ಲಿಟ್ಟು ಬರುತ್ತೇನೆ.