ಫಿಲ್ಟರ್ ಡಬ್ಬಿ ಬಿಚ್ಚಿ ಒಗೀಲಿಲ್ಲ: ನನ್ನ ಹಳೆ ಆರ್‌ಎಕ್ಸ್ 100ರ ಏರ್ ಬಾಕ್ಸ್

ಕಲಬುರಗಿಯಲ್ಲಿ ಹಳೆ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಒಂದು ಸಲಹೆ ಪುಕ್ಕಟೆ ಸಿಗುತ್ತದೆ. "ಫಿಲ್ಟರ್ ಡಬ್ಬಿ ಬಿಚ್ಚಿ ಒಗೀರಿ ಅಣ್ಣಾ, ಗಾಡಿ ಹೆಂಗ್ ಹಾರ್ತದ ನೋಡ್ರಿ." ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಈ ಡಬ್ಬಿ (ಏರ್ ಬಾಕ್ಸ್) ತೆಗೆದು, ಗಾಳಿ-ಪೆಟ್ರೋಲು ಬೆರೆಸುವ ಕಾರ್ಬೋರೇಟರಿನ ಬಾಯಿಗೆ ನೇರ ಕೋನ್ ಫಿಲ್ಟರ್ ಸಿಕ್ಕಿಸಿದರೆ ಸದ್ದು ಜಾಸ್ತಿ ಆಗುತ್ತದೆ, ನಿಜ. ಸದ್ದು ಜಾಸ್ತಿಯಾದರೆ ಗಾಡಿ ಜೋರಾಗಿ ಓಡಿದ ಹಾಗೇ ಅನಿಸುತ್ತದೆ. ನಾನು ಮಾಡಿದ್ದು ಇದಕ್ಕೆ ಉಲ್ಟಾ. ಡಬ್ಬಿ ಉಳಿಸಿಕೊಂಡೆ, ಅದನ್ನು ಇನ್ನೂ ಬಿಗಿ ಮಾಡಿದೆ.

ಕಾರಣ ನಮ್ಮ ಧೂಳು. ಸೇಡಂ, ವಾಡಿ ಕಡೆ ಹೋದರೆ ಸಿಮೆಂಟಿನ ಪುಡಿ. ಶಹಾಬಾದ್ ಕಡೆ ಫರಸಿ ಕಲ್ಲು ಕೊಯ್ಯುವ ಬಿಳಿ ಧೂಳು. ತೊಗರಿ ರಾಶಿ ನಡೆಯುವಾಗ ಹೊಲದ ದಾರಿಯಲ್ಲಿ ಮಷೀನಿನ ಹೊಟ್ಟು. ಇವೆಲ್ಲ ಇಲ್ಲದಾಗ ಒಣಗಿದ ಎರೆಮಣ್ಣು ಇದ್ದೇ ಇದೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಗಾಳಿ ನೇರ ಸಿಲಿಂಡರಿಗೆ ಹೋಗುತ್ತದೆ. ಆರ್‌ಎಕ್ಸ್ 100 ಟೂ ಸ್ಟ್ರೋಕ್, ಇದರಲ್ಲಿ ಹಾಗಲ್ಲ. ಗಾಳಿ, ಪೆಟ್ರೋಲು ಎರಡೂ ಮೊದಲು ಕೆಳಗೆ ಕ್ರ್ಯಾಂಕ್ ಇರುವ ಕೋಣೆಗೆ ಇಳಿದು, ಅಲ್ಲಿಂದ ಮೇಲೆ ಹೋಗುತ್ತವೆ. ಅಂದರೆ ಒಳಗೆ ಬಂದ ಧೂಳು ಕ್ರ್ಯಾಂಕ್ ಬೇರಿಂಗನ್ನೂ ತಿನ್ನುತ್ತದೆ, ಪಿಸ್ಟನ್ ರಿಂಗನ್ನೂ ತಿನ್ನುತ್ತದೆ, ಸಿಲಿಂಡರಿನ ಒಳಗೋಡೆ ಅಂದರೆ ಬೋರನ್ನೂ ಬಿಡುವುದಿಲ್ಲ.

ಈ ಗಾಡಿ ನಮ್ಮ ದೇಶದಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ಎಲ್ಲಕ್ಕಿಂತ ಹೊಸದು ಅಂದರೂ ಅದರ ರಬ್ಬರು, ಪ್ಲಾಸ್ಟಿಕ್ಕು ಮುದಿಯಾಗಿರುತ್ತವೆ. ಹಾಗಾಗಿ ಡಬ್ಬಿಯೊಳಗಿನ ಗಾಳಿ ಸೋಸುವ ಸ್ಪಂಜು ತೊಳೆದು ಕೂರಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಸ್ಪಂಜಿಗಿಂತ ಅದರ ಸುತ್ತಲಿನ ಸಂದುಗಳೇ ದೊಡ್ಡ ತಲೆನೋವು.

ಸಂದು ಹುಡುಕಲು ನಾನು ಮಾಡಿದ್ದು ಇಷ್ಟು. ಡಬ್ಬಿ ಪೂರ್ತಿ ಹೊರಗೆ ತೆಗೆದು, ಸೋಪಿನ ನೀರಲ್ಲಿ ತೊಳೆದು ಒಣಗಿಸಿದೆ. ರಾತ್ರಿ ಲೈಟು ಆರಿಸಿ, ಡಬ್ಬಿಯೊಳಗೆ ಸಣ್ಣ ಎಲ್‌ಇಡಿ ಟಾರ್ಚ್ ಇಟ್ಟು ಮುಚ್ಚಳ ಹಾಕಿದೆ. ಬೆಳಕು ಎಲ್ಲಿ ಇಣುಕುತ್ತದೋ ಅಲ್ಲಿ ಧೂಳಿಗೂ ದಾರಿ. ನನ್ನ ಡಬ್ಬಿಯಲ್ಲಿ ಮುಚ್ಚಳದ ಅಂಚು ಒಂದು ಕಡೆ ಸೊಟ್ಟಗಾಗಿತ್ತು, ಸ್ಕ್ರೂ ಕೂರುವ ಜಾಗದ ಹತ್ತಿರ ಕೂದಲೆಳೆ ಬಿರುಕಿತ್ತು. ಈ ಬಿರುಕಿಗೆ ಎಪಾಕ್ಸಿ ಅಂಟು ಹಚ್ಚುವವರೇ ಜಾಸ್ತಿ. ಆ ಜಾತಿಯ ಪ್ಲಾಸ್ಟಿಕ್ಕಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಗಾಡಿಯ ನಡುಕಕ್ಕೆ ಕಿತ್ತು ಬರುತ್ತದೆ. ಸಣ್ಣ ಸ್ಟೀಲ್ ಜಾಲಿಯ ತುಂಡು ಇಟ್ಟು, ಸೋಲ್ಡರಿಂಗ್ ಐರನ್ನಿನಿಂದ ಪ್ಲಾಸ್ಟಿಕ್ಕನ್ನೇ ಕರಗಿಸಿ ಜಾಲಿಯನ್ನು ಒಳಗೆ ಹೂತರೆ ಗಟ್ಟಿ. ಹೊಗೆ ಬರುತ್ತದೆ, ಅಂಗಳದಲ್ಲಿ ಕೂತು ಮಾಡಿ. ಮುಚ್ಚಳದ ಅಂಚಿಗೆ ಬಾಗಿಲಿಗೆ ಅಂಟಿಸುವ ಸ್ಪಂಜ್ ಪಟ್ಟಿ ಬೇಡ, ಆಯಿಲ್ ತಾಗಿದರೆ ಮೆತ್ತಗಾಗಿ ಉದುರುತ್ತದೆ. ಬೇರಿಂಗ್, ಆಯಿಲ್ ಸೀಲ್ ಮಾರುವ ಅಂಗಡಿಯಲ್ಲಿ ನೈಟ್ರೈಲ್ ರಬ್ಬರಿನ ದಾರ ಅಳತೆಗೆ ಕತ್ತರಿಸಿ ಕೊಡುತ್ತಾರೆ. ನಾನು ಹಾಕಿದ್ದು ಅದು. ಸಿಲಿಕಾನ್ ಪೇಸ್ಟನ್ನು ಕಾರ್ಬೋರೇಟರ್ ಹತ್ತಿರ ತರಲೇಬೇಡಿ, ಪೆಟ್ರೋಲು ತಾಗಿದರೆ ಅದು ಉಬ್ಬಿ ಬಿಡುತ್ತದೆ.

ಡಬ್ಬಿಯಿಂದ ಕಾರ್ಬೋರೇಟರಿಗೆ ಹೋಗುವ ರಬ್ಬರ್ ಬೇರೆ, ಕಾರ್ಬೋರೇಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಬೇರೆ. ಮೊದಲನೆಯದು ಸೀಳಿದರೆ ಸೋಸದ ಗಾಳಿ ಒಳಗೆ ಹೋಗುತ್ತದೆ, ಆದರೆ ಗಾಡಿ ಏನೂ ಗೊತ್ತಾಗದ ಹಾಗೆ ಓಡುತ್ತಿರುತ್ತದೆ. ಎರಡನೆಯದು ಸೀಳಿದರೆ ಪೆಟ್ರೋಲು ಕಡಿಮೆ, ಗಾಳಿ ಜಾಸ್ತಿ ಆಗಿ ಐಡ್ಲಿಂಗ್ ಏರುತ್ತದೆ, ಇಂಜಿನ್ ಕಾಯುತ್ತದೆ. ಎರಡನ್ನೂ ಬೆರಳಿನಲ್ಲಿ ಬಗ್ಗಿಸಿ ನೋಡಬೇಕು. ನಾನು ಎರಡೂ ಹೊಸದು ಹಾಕಿದೆ. ಹೊಸ ರಬ್ಬರ್ ಬಿಗಿಯಿದ್ದರೆ ಸ್ವಲ್ಪ ಹೊತ್ತು ಬಿಸಿನೀರಲ್ಲಿ ಇಡಿ, ಜಗಳವಿಲ್ಲದೆ ಕೂರುತ್ತದೆ.

ಸ್ಪಂಜಿನ ವಿಷಯ ಬಹಳ ಇಲ್ಲ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್‌ನಲ್ಲಿ ಅದ್ದಿ ಒತ್ತಿ, ಆಮೇಲೆ ಪಾತ್ರೆ ಸೋಪಿನ ಬೆಚ್ಚಗಿನ ನೀರು. ಬಟ್ಟೆ ಹಿಂಡಿದ ಹಾಗೆ ತಿರುಚಬಾರದು. ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಚ್ಚಿ, ಜಾಸ್ತಿಯಾದದ್ದನ್ನು ಒತ್ತಿ ತೆಗೆಯಿರಿ. ಕೈಗೆ ಅಂಟಬೇಕು, ತೊಟ್ಟಿಕ್ಕಬಾರದು. ಒಣ ಸ್ಪಂಜು ಹಾಕಿ ಓಡಿಸುವುದು ಒಂದೇ, ಇಲ್ಲದೆ ಓಡಿಸುವುದು ಒಂದೇ, ಏಕೆಂದರೆ ಸಣ್ಣ ಧೂಳನ್ನು ಹಿಡಿಯುವುದು ಆ ಜಿಡ್ಡೇ. ಬೆರಳಲ್ಲಿ ಒತ್ತಿದಾಗ ಪುಡಿ ಉದುರಿದರೆ ತೊಳೆಯುವ ಗೋಜಿಗೇ ಹೋಗಬೇಡಿ, ಹೊಸದು ತನ್ನಿ. ಆ ಪುಡಿಯೂ ಇಂಜಿನ್ನಿಗೇ ಹೋಗುತ್ತದೆ.

ಇನ್ನು ಮಾಡಿಫಿಕೇಶನ್. ಗಾಳಿ ಒಳಬರುವ ಬಾಯಿಗೆ ನೈಲಾನ್ ಸೊಳ್ಳೆಪರದೆಯ ಬಟ್ಟೆ ಎರಡು ಪದರ ಮಾಡಿ ಕಟ್ಟಿದೆ. ತೊಗರಿ ಹೊಟ್ಟು, ದಪ್ಪ ಧೂಳು ಅಲ್ಲೇ ನಿಲ್ಲುತ್ತವೆ, ಸ್ಪಂಜು ಬೇಗ ಕಟ್ಟಿಕೊಳ್ಳುವುದಿಲ್ಲ. ಆಮೇಲೆ, ಸ್ಪಂಜು ದಾಟಿ ಗಾಳಿ ಬರುವ ಕೋಣೆಯ ಗೋಡೆಗೆ ತೆಳ್ಳಗೆ ಗ್ರೀಸ್ ಸವರಿದೆ. ಜೇವರ್ಗಿಗೆ ಹೋಗಿ ಬಂದು ಬಿಚ್ಚಿ, ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಮರಳಿನ ಕಣ ಸಿಕ್ಕರೆ ಎಲ್ಲೋ ಸಂದು ಉಳಿದಿದೆ ಅಂತ ಅರ್ಥ. ಬಟ್ಟೆಗೆ ಬರೀ ಗ್ರೀಸ್ ಬಂತು.

ಮುಚ್ಚಳಕ್ಕೆ ತೂತು ಕೊರೆಯುವ ಚಟವೂ ನಮ್ಮಲ್ಲಿ ಇದೆ. ತೂತು ಕೊರೆದು, ಕಾರ್ಬೋರೇಟರಿನಲ್ಲಿ ಪೆಟ್ರೋಲು ಬರುವ ಮೇನ್ ಜೆಟ್ ದೊಡ್ಡದು ಮಾಡದೇ ಬಿಟ್ಟರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ, ಪಿಸ್ಟನ್ ಜಾಮ್ ಆಗುವವರೆಗೂ ಗಾಡಿ ಭಾರೀ ಪಿಕಪ್ ತೋರಿಸುತ್ತದೆ. ಈಗ ಬಂಕಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಬೇರೆ. ಹಳೆ ಕಾರ್ಬೋರೇಟರಿನಲ್ಲಿ ಅದರಿಂದಲೇ ಮಿಶ್ರಣ ಸ್ವಲ್ಪ ಲೀನ್ ಕಡೆ ವಾಲುತ್ತದೆ. ಅದರ ಮೇಲೆ ತೂತು ಯಾಕೆ ಬೇಕು, ಅಲ್ವಾ?

ಇದನ್ನು ಸರಿದೂಗಿಸಲು ಕಾರ್ಬೋರೇಟರಿನೊಳಗೆ ಪೆಟ್ರೋಲಿನ ಅಳತೆ ಮಾಡುವ ಜೆಟ್ ಸೂಜಿಯ ಕ್ಲಿಪ್ ಒಂದು ಗೆರೆ ಕೆಳಗೆ ಇಳಿಸಿದೆ. ಆಗ ಸೂಜಿ ಮೇಲೇಳುತ್ತದೆ, ಪೆಟ್ರೋಲು ಸ್ವಲ್ಪ ಜಾಸ್ತಿ ಬರುತ್ತದೆ. ಈ ಸೆಟ್ಟಿಂಗನ್ನು ನೋಡಿದ್ದು ಡಿಸೆಂಬರಿನ ಮುಂಜಾನೆ. ತಂಪು ಗಾಳಿ ದಟ್ಟ, ಮಿಶ್ರಣ ಲೀನ್ ಆಗುವುದು ಆಗಲೇ. ಮೇ ತಿಂಗಳ ಬಿಸಿಗಾಳಿ ತೆಳು, ಅದೇ ಸೆಟ್ಟಿಂಗ್ ಆಗ ತುಸು ರಿಚ್ ಆಗುತ್ತದೆ, ಅಂದರೆ ಪೆಟ್ರೋಲು ಜಾಸ್ತಿ. ಸ್ವಲ್ಪ ಹೊಗೆ ಬಂದರೆ ಬರಲಿ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಬಣ್ಣ ತಿಳಿ ಕಂದು. ಬೆಳ್ಳಗಿದ್ದರೆ ಲೀನ್ ಆಗಿದೆ ಅಂತ ಹೆದರಬೇಕು, ಕಪ್ಪು ಮಸಿ ಇದ್ದರೆ ಕ್ಲಿಪ್ ವಾಪಸ್ ಏರಿಸಬೇಕು.

ಮಳೆಗಾಲದಲ್ಲಿ ಆ ಸೊಳ್ಳೆಪರದೆ ಬಿಚ್ಚಿಡುತ್ತೇನೆ. ಒದ್ದೆಯಾಗಿ ಮೇಲೆ ಕೆಸರು ಕೂತರೆ ಗಾಳಿಯೇ ನಿಲ್ಲುತ್ತದೆ, ಗಾಡಿ ಅರ್ಧ ಥ್ರಾಟಲ್ ದಾಟುವುದಿಲ್ಲ. ಎರೆಮಣ್ಣು ಹಸಿಯಿರುವಷ್ಟು ದಿನ ಧೂಳೂ ಏಳುವುದಿಲ್ಲ. ಜೋಳದ ಬಿತ್ತನೆ ಮುಗಿದು ದಾರಿ ಒಣಗಿದ ಮೇಲೆ ಮತ್ತೆ ಕಟ್ಟಿದರೆ ಸಾಕು.